ಎರಡು ಮೊಟ್ಟೆ ಟ್ರೇ ಸೈನ್ಯ

ನನಗೊಂದು ಕೆಟ್ಟ ಚಟವಿದೆ. ಬ್ರಷ್ಷಿನ ತುದಿ ಚೂಪಾಗಲಿ ಎಂದು ಅದನ್ನು ತುಟಿಗಳ ನಡುವೆ ಇಟ್ಟು ಎಳೆಯುತ್ತೇನೆ. ನೀರಿನಲ್ಲಿ ತೊಳೆದ ಮೇಲಷ್ಟೇ ಬಾಯಿಗಿಡಬೇಕು ಎಂಬ ನಿಯಮವನ್ನು ನಾನೇ ಮಾಡಿಕೊಂಡಿದ್ದೇನೆ, ನಾನೇ ಮುರಿಯುತ್ತೇನೆ. ಹೀಗಾಗಿ ಬಣ್ಣಗಳ ರುಚಿ ನನಗೆ ಚೆನ್ನಾಗಿ ಗೊತ್ತು. ಹಸಿರು ಕಹಿ. ಕಂದು ಸ್ವಲ್ಪ ಸಿಹಿ ಅನ್ನಿಸುತ್ತದೆ, ಆದರೆ ಅದು ಬೆಲ್ಲದ ನೆನಪಿನಿಂದ ಆಗುವ ಮೋಸವಿರಬೇಕು. ಬಿಳಿಗೆ ರುಚಿಯೇ ಇಲ್ಲ, ನಮ್ಮ ಶಾಲೆಯ ಸ್ಟಾಫ್ ರೂಮಿನ ಚಹಾದ ಹಾಗೆ. ಒಂದು ದಿನ ತರಗತಿಯಲ್ಲಿ ನದಿಗಳ ಪಾಠ ಹೇಳುತ್ತಿದ್ದಾಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ಟೀಚರ್ ನಿಮ್ಮ ನಾಲಿಗೆ ನೀಲಿಯಾಗಿದೆ ಎಂದಳು. ನೇರಳೆ ಹಣ್ಣು ತಿಂದೆ ಎಂದೆ. ಆಗ ಸಂಕ್ರಾಂತಿ ಹತ್ತಿರವಿತ್ತು, ನೇರಳೆ ಹಣ್ಣಿಗೆ ಇನ್ನೂ ಐದು ತಿಂಗಳಿತ್ತು. ಮಕ್ಕಳು ದೊಡ್ಡ ಮನಸ್ಸು ಮಾಡಿ ಸುಮ್ಮನಾದರು.

ನಾನು ಬಣ್ಣ ಹಚ್ಚುವುದು ಸೈನಿಕರಿಗೆ. ಮೂರು ತೊಗರಿಕಾಳನ್ನು ಒಂದರ ಮೇಲೊಂದು ನಿಲ್ಲಿಸಲು ನಿಮಗೆ ಸಾಧ್ಯವಾದರೆ ಎಷ್ಟು ಎತ್ತರವಾದೀತೋ ಅಷ್ಟು ಎತ್ತರದ ಲೋಹದ ಸೈನಿಕರು. ತಲೆ ಸಾಸಿವೆಕಾಳಿಗಿಂತ ಒಂದಿಷ್ಟು ದೊಡ್ಡದು. ಅದರಲ್ಲಿ ಮುಂಡಾಸು ಬಿಳಿ, ಮುಖ ಕಂದು, ಮೀಸೆ ಕಪ್ಪು ಆಗಬೇಕು. ಹೀಗೆ ಒಂದು ಸೈನ್ಯವನ್ನು ಸಿದ್ಧಮಾಡಿ, ಅಷ್ಟೇ ತಲೆಕೆಟ್ಟ ಇನ್ನೊಬ್ಬರು ಸಿದ್ಧಮಾಡಿದ ಸೈನ್ಯದೊಡನೆ ಮೇಜಿನ ಮೇಲೆ ಯುದ್ಧ ಆಡಬೇಕು. ಹಳೆಯ ಕಾಲದ ಯುದ್ಧ, ಅಳತೆಪಟ್ಟಿ ಹಿಡಿದು ನಡೆಸುವ ಯುದ್ಧ. ಇಷ್ಟನ್ನು ಪಕ್ಕದ ಮನೆಯವರಿಗೆ ಅರ್ಧ ತಾಸು ಬಿಡಿಸಿ ಹೇಳಿದೆ. ಅವರು ಗಮನವಿಟ್ಟು ಕೇಳಿ, “ಹರಕಿ ಏನ್ರಿ ಟೀಚರ್? ಇಷ್ಟು ಸಣ್ಣ ಮಂದಿಗಿ ಯಾವ ದೇವರಿಗಿ ಒಪ್ಪಸ್ತೀರಿ?” ಎಂದು ಕೇಳಿದರು.

ಈ ಹುಚ್ಚು ನನಗೆ ಹಚ್ಚಿದವರು ಸಿದ್ರಾಮ ಸರ್. ನನಗೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು, ಅಥವಾ ಕಲಿಸಲು ಪ್ರಯತ್ನಿಸಿದವರು. ಈಗ ನಿವೃತ್ತರಾಗಿ ತಮ್ಮೂರು ನಾರಾಯಣಖೇಡದಲ್ಲಿದ್ದಾರೆ. ಹಲ್ಲಿನ ಸೆಟ್ಟು ಕಟ್ಟಿಸಿಕೊಂಡು ಬರುತ್ತೇನೆಂದು ಹೈದರಾಬಾದಿಗೆ ಹೋದವರು ದವಾಖಾನೆಯ ಪಕ್ಕದ ಅಂಗಡಿಯಲ್ಲಿ ದೊಡ್ಡದೊಂದು ಡಬ್ಬಿ ಕಂಡು, ಹಲ್ಲನ್ನು ಮುಂದಿನ ತಿಂಗಳಿಗೆ ತಳ್ಳಿ, ಸೈನ್ಯದೊಂದಿಗೆ ಮನೆಗೆ ಬಂದರು. ಡಬ್ಬಿಯಲ್ಲಿ ನೂರಿಪ್ಪತ್ತು ಜನ ಬಣ್ಣವಿಲ್ಲದೆ ಬೆಳ್ಳಗೆ ಬಿದ್ದಿದ್ದರು. ಯುದ್ಧಕ್ಕೆ ಎದುರಾಳಿ ಬೇಕಲ್ಲ, ನನಗೆ ಫೋನು ಮಾಡಿದರು.

“ಮಾಳಮ್ಮ, ಶಾಲಿನಾಗ ನಿನ್ನ ನಕಾಶೆ ಭಾಳ ಛಂದ ಇರತಿದ್ದು. ಗಣಿತ ಇರಲಿಲ್ಲ. ಇದಕ್ಕ ಗಣಿತ ಬೇಕಾಗಿಲ್ಲ.”

ಮೂವತ್ತು ವರ್ಷದ ಮೇಲೂ ಗಣಿತದ ಮಾತು ಬಿಡಲಿಲ್ಲವಲ್ಲ ಎಂದು ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಒಪ್ಪಿಕೊಂಡೆ. ಅರವತ್ತು ಅವರಿಗೆ, ಅರವತ್ತು ನನಗೆ. ಅವರದು ಕಾಕತೀಯರ ಸೈನ್ಯ, ನನ್ನದು ದೇವಗಿರಿಯ ಸೇವುಣರದು. ಯಾರಿಗೆ ಯಾವುದು ಎಂದು ಚೀಟಿ ಎತ್ತಿ ತೀರ್ಮಾನಿಸಿದೆವು, ಏಕೆಂದರೆ ಡಬ್ಬಿಯಲ್ಲಿದ್ದವರು ಎಲ್ಲರೂ ಒಂದೇ ಆರು ಅಚ್ಚಿನಿಂದ ಇಳಿದವರು. ಬಣ್ಣ ಹಚ್ಚಿದ ಮೇಲಷ್ಟೇ ಅವರು ಯಾರ ಕಡೆಯವರು ಎಂದು ಗೊತ್ತಾಗಬೇಕು. ಸರ್ ತಕ್ಷಣ ಷರತ್ತು ಹಾಕಿದರು. ಬಣ್ಣವಿಲ್ಲದ ಸೈನಿಕ ರಣರಂಗಕ್ಕೆ ಕಾಲಿಡುವಂತಿಲ್ಲ. ಬಣ್ಣಕ್ಕೆ ಆಧಾರ ತೋರಿಸಬೇಕು. ಯುದ್ಧದ ದಿನದವರೆಗೆ ಒಬ್ಬರ ಬಣ್ಣ ಇನ್ನೊಬ್ಬರು ನೋಡುವಂತಿಲ್ಲ.

ಆಧಾರ ಎಂಬ ಮಾತು ನನ್ನನ್ನು ತಿಂಗಳುಗಟ್ಟಲೆ ಕಾಡಿತು. ಎಂಟುನೂರು ವರ್ಷದ ಹಿಂದಿನ ಸಿಪಾಯಿ ಯಾವ ಬಣ್ಣದ ಚಲ್ಲಣ ತೊಟ್ಟಿದ್ದ ಎಂದು ಯಾರನ್ನು ಕೇಳುವುದು? ಮೊದಲು ಎಲ್ಲರಿಗೂ ನೀಲಿ ಬಳಿದೆ, ನಾಲಿಗೆ ನೀಲಿಯಾದದ್ದು ಆಗಲೇ. ಆಮೇಲೆ ಆಧಾರವಿಲ್ಲವೆಂದು ಹೆದರಿ ಕೆರೆದು ತೆಗೆದೆ. ಕೊನೆಗೆ ನೆನಪಾದದ್ದು ಯಾಲಾಲ್ ಕಡೆಯ ನಮ್ಮೂರಿನ ಹೊಲದ ಬದುವಿನಲ್ಲಿರುವ ವೀರಗಲ್ಲು. ಕತ್ತಿ ಹಿಡಿದ ವೀರ, ಕುದುರೆ, ಮೇಲೆ ಸೂರ್ಯ ಚಂದ್ರ. ಊರವರು ಯುಗಾದಿಗೊಮ್ಮೆ ಅದಕ್ಕೆ ಸುಣ್ಣ ಬಳಿಯುತ್ತಾರೆ. ಹೋಗಿ ನೋಡಿದರೆ ವೀರ ತಲೆಯಿಂದ ಕಾಲಿನವರೆಗೆ ಬಿಳಿ. ಆಧಾರ ಸಿಕ್ಕಿತು. ಸಮಾಜ ವಿಜ್ಞಾನ ಕಲಿಸುವವಳಿಗೆ ಇಷ್ಟೂ ತಿಳಿಯದೇ ಎನ್ನಬೇಡಿ. ತಿಳಿದಿತ್ತು. ಆದರೆ ಅರವತ್ತು ಜನಕ್ಕೆ ಬಿಳಿ ಬಳಿಯುವುದು ಬಹಳ ಸುಲಭ.

ನಮ್ಮ ಮನೆಯವರು ಕರಣಕೋಟದ ಸಿಮೆಂಟ್ ಕಾರ್ಖಾನೆಯಲ್ಲಿದ್ದಾರೆ. ನನ್ನ ಬಣ್ಣದ ಕೆಲಸದ ಬಗ್ಗೆ ಅವರಿಗೆ ಅಭಿಪ್ರಾಯವಿರಲಿಲ್ಲ. ಸೈನಿಕರ ಕಾಲಡಿ ಒಂದಿಷ್ಟು ನೆಲ ಬೇಕು, ಮಣ್ಣು ಅಂಟಿಸುತ್ತೇನೆ ಎಂದದ್ದೇ ತಡ, ಕುರ್ಚಿ ಎಳೆದುಕೊಂಡು ಕೂತರು. ಮಣ್ಣು ನಿಲ್ಲುವುದಿಲ್ಲ, ಸಿಮೆಂಟೇ ಬೇಕು, ಒಂದಕ್ಕೆ ನಾಲ್ಕು ಮರಳು ಎಂದು ಚಹಾದ ಚಮಚೆಯಲ್ಲಿ ಕಲಸಿದರು. ಒಬ್ಬೊಬ್ಬ ಸೈನಿಕನ ಕಾಲಡಿ ಉಗುರಿನಷ್ಟು ಕಾಂಕ್ರೀಟು ಹಾಕಿದರು. ಅಲ್ಲಿಗೆ ಬಿಡದೆ, ಏಳು ದಿನ ನೀರುಣಿಸದಿದ್ದರೆ ಬಿರುಕು ಬಿಡುತ್ತದೆ ಎಂದು ಸೇವುಣರ ಸೈನ್ಯದ ಮೇಲೆ ಹಸಿ ಗೋಣಿಚೀಲ ಹೊದಿಸಿ ಬೆಳಿಗ್ಗೆ ಸಂಜೆ ನೀರು ಚಿಮುಕಿಸಿದರು. ಬಿರುಕು ಬಿಡಲಿಲ್ಲ ಎಂಬುದನ್ನು ಅವರ ಪರವಾಗಿ ಹೇಳಲೇಬೇಕು.

ಆ ಹೊತ್ತಿಗೆ ಸರಿಯಾಗಿ ಅಪ್ಪ ಒಂದು ಕಣ್ಣಿನ ಪೊರೆ ತೆಗೆಸಿಕೊಳ್ಳಲು ಊರಿನಿಂದ ತಾಂಡೂರಿಗೆ ಬಂದು ನಮ್ಮಲ್ಲೇ ಉಳಿದ. ಅಪ್ಪ ಎಂದರೆ ಕುರಿ ಬೀರಪ್ಪ. ಹೆಸರಿನ ಹಿಂದೆ ಕುರಿ ಸೇರಿಸಿದ್ದು ಜನ, ಆದರೆ ಅದರಲ್ಲಿ ತಪ್ಪಿಲ್ಲ. ಆತನಿಗೆ ತನ್ನ ಹಿಂಡಿನ ನೂರೈವತ್ತು ಕುರಿಗಳ ಮುಖ ಗೊತ್ತು. ಯಾವುದು ಯಾವುದರ ಮಗಳು, ಯಾವುದು ಕಳ್ಳಿ, ಯಾವುದು ಮಳೆಗೆ ಹೆದರುತ್ತದೆ ಎಂಬುದೆಲ್ಲ ಗೊತ್ತು. ಪೊರೆ ಬಂದು ನನ್ನ ಮುಖ ಮಸುಕಾಗಿದ್ದಾಗಲೂ ಕುರಿಯ ಮುಖ ತಪ್ಪಿರಲಿಲ್ಲ.

ಇಲ್ಲಿ ನನ್ನ ಕೊರತೆಯನ್ನು ಹೇಳಿಕೊಳ್ಳಬೇಕು. ನನಗೆ ಕುರಿಗುರುಡು. ಎಲ್ಲ ಕುರಿಯೂ ಒಂದೇ ಥರ ಕಾಣುತ್ತದೆ. ನಮ್ಮ ಕಡೆ ಹಿಂಡಿನ ಗುರುತಿಗೆಂದು ಕುರಿಯ ಹಿಂಭಾಗಕ್ಕೆ ಹುರಮಂಜಿನ ಬೊಟ್ಟು ಇಡುತ್ತಾರೆ, ಅದೇ ಕೆಂಪು ಮಣ್ಣಿನದು. ನಮ್ಮದು ಬಾಲದ ಮೇಲೊಂದು ಬೊಟ್ಟು. ಅಪ್ಪನಿಗೆ ಅದರ ಗರಜು ಇರಲಿಲ್ಲ, ಅದು ನನ್ನಂಥವರಿಗಾಗಿ ಇಡುವ ಬೊಟ್ಟು. ನನಗೆ ಹತ್ತು ವರ್ಷವಿದ್ದಾಗ ಒಂದು ದಿನ ಹಿಂಡನ್ನು ನನ್ನ ಕೈಗೆ ಕೊಟ್ಟು ಆತ ಸಂತೆಗೆ ಹೋದ. ನೀರು ಕುಡಿಸುವ ಕುಂಟೆಯ ಹತ್ತಿರ ಇನ್ನೊಂದು ಊರಿನ ಹಿಂಡು ಬಂತು. ಎರಡೂ ಕೂಡಿದವು. ಅದೇ ಹೊತ್ತಿಗೆ ಮಳೆ ಬಂತು, ಬೊಟ್ಟು ಹರಿದು ಹೋಯಿತು. ನಾನು ಲೆಕ್ಕ ಮಾತ್ರ ಸರಿಯಾಗಿ ಹಿಡಿದು ಹೊಡೆದುಕೊಂಡು ಮನೆಗೆ ಬಂದೆ. ಅವುಗಳಲ್ಲಿ ಏಳು ಕುರಿ ನಮ್ಮವಲ್ಲ.

ಅಪ್ಪ ಬಯ್ಯಲಿಲ್ಲ. ಮರುದಿನ ಆ ಏಳನ್ನು ಹೊಡೆದುಕೊಂಡು ಆ ಊರಿಗೆ ಹೋಗಿ ಬದಲಿಸಿಕೊಂಡು ಬಂದ. ಅಲ್ಲಿಯವರು ನಕ್ಕಿರಬೇಕು, ಆತ ಹೇಳಲಿಲ್ಲ. ಊಟಕ್ಕೆ ಕೂತಾಗ ಅವ್ವನಿಗೆ, “ಇಕೀಗಿ ಮಾರಿ ಗುರ್ತ ಹತ್ತಂಗಿಲ್ಲ. ಸಾಲಿಗಿ ಹೋಗ್ಲಿ ಬಿಡು” ಎಂದ. ಅಷ್ಟೇ. ಕುರಿಯ ಕೋಲು ತಮ್ಮನ ಕೈಗೆ ಹೋಯಿತು, ಪಾಟಿಚೀಲ ನನ್ನ ಹೆಗಲಿಗೆ ಬಂತು. ಬೇರೆ ಮನೆಗಳಲ್ಲಿ ಮಕ್ಕಳು ಜಾಣರೆಂದು ಶಾಲೆಗೆ ಕಳಿಸುತ್ತಾರೆ. ನಾನು ಮಾತ್ರ ಬೇರೆ ಯಾವ ಕೆಲಸಕ್ಕೂ ಬಾರದವಳೆಂದು ಶಾಲೆಗೆ ಹೋದವಳು.

ಆ ಕೊರತೆ ಇನ್ನೂ ಹೋಗಿಲ್ಲ. ನನ್ನ ಮಕ್ಕಳನ್ನು, ಶಾಲೆಯ ಮಕ್ಕಳನ್ನೇ ಹೇಳುತ್ತಿದ್ದೇನೆ, ಅವರು ಕೂತ ಜಾಗದಿಂದ ಗುರುತಿಸುತ್ತೇನೆ. ಅವರು ಜಾಗ ಬದಲಿಸಿ ಕೂತರೆ ಒಂದು ಪಾಠದ ಹೊತ್ತು ನಾನು ತಪ್ಪು ಹೆಸರೇ ಕರೆಯುತ್ತಿರುತ್ತೇನೆ. ಮನೆಯಲ್ಲಿ ಮದುವೆ ಮುಂಜಿಗೆ ನಾಲ್ಕು ಜನ ಸೇರಿದರೆ ಆ ಏಳು ಕುರಿಗಳ ಕಥೆ ಬಂದೇ ಬರುತ್ತದೆ, ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು, ನನಗೆ ಅದು ನೋಯುತ್ತದೆ. ಎಂಎ, ಬಿಎಡ್ ಮಾಡಿದ್ದನ್ನು ಅಪ್ಪ ಎಂದೂ ದೊಡ್ಡದೆಂದು ತಿಳಿಯಲಿಲ್ಲ, ಪಾಪ, ಕೈಲಾಗದ್ದಕ್ಕೆ ಮಾಡಿಕೊಂಡಳು ಎಂಬಂತೆ ನೋಡಿದ. ನಿನಗೂ ಕಣ್ಣಿದೆ ಎಂದು ಒಂದು ಸಲವಾದರೂ ಆತನ ಬಾಯಿಂದ ಬರಲಿ ಎಂದು ನನಗೆ ಬಹಳ ಆಸೆಯಿತ್ತು. ಸಾಸಿವೆಕಾಳಿನಷ್ಟು ತಲೆಗೆ ಮೀಸೆ ಬರೆಯುವುದನ್ನು ಕಂಡರೆ ಆತ ಹೇಳಿಯೇ ಹೇಳುತ್ತಾನೆ ಎಂದುಕೊಂಡಿದ್ದೆ.

ಅಪ್ಪ ಕಪ್ಪು ಕನ್ನಡಕ ಹಾಕಿಕೊಂಡು ನನ್ನ ಮೇಜಿನ ಪಕ್ಕ ಕೂತು ಒಂದು ವಾರ ನೋಡಿದ. ಹೇಳಿದ್ದು ಬೇರೆಯೇ.

“ಇವೆಲ್ಲಾ ಒಂದೇ ಮಾರಿ ಅದಾವಲ್ಲ ಅವ್ವಾ.”

“ಅಚ್ಚಿನಾಗ ಹುಯ್ದು ತೆಗದದ್ದು ಅಪ್ಪಾ. ಹಂಗೇ ಇರ್ತಾವ.”

“ಅವಳಿ ಹುಟ್ಟಿದ್ರೂ ಮಾರಿ ಬ್ಯಾರೆ ಇರ್ತದ. ಸರಿಯಾಗಿ ನೋಡು.”

ಆತ ನೋಡಿದ. ಒಬ್ಬನ ಭರ್ಚಿ ತುಸು ಬಾಗಿದೆ, ಒಬ್ಬ ಪಕ್ಕದವನ ಕಡೆ ಓರೆಯಾಗಿ ನೋಡುತ್ತಾನೆ, ಒಬ್ಬನಿಗೆ ಹೊಟ್ಟೆ ಇದೆ ಎಂದು ಒಬ್ಬೊಬ್ಬರನ್ನೇ ಎತ್ತಿ ಹೇಳಿದ. ಎರಡೇ ದಿನದಲ್ಲಿ ಹೆಸರೂ ಇಟ್ಟ. ಆತನ ಹಿಂಡಿನಲ್ಲಿ ಹೆಚ್ಚಿನವು ಹೆಣ್ಣಾದ್ದರಿಂದ ದೇವಗಿರಿಯ ದಳಪತಿಗೆ ಕೆಂಚಿ ಎಂದೂ, ಧ್ವಜ ಹಿಡಿದವನಿಗೆ ಚುಕ್ಕಿ ಎಂದೂ ಹೆಸರಾಯಿತು. ನನ್ನ ಬಣ್ಣಕ್ಕೆ ಮಾತ್ರ ಕೈ ಹಚ್ಚಬೇಡ ಅಪ್ಪಾ ಎಂದು ಮೊದಲ ದಿನವೇ ಸ್ವಲ್ಪ ಜೋರಾಗಿ ಹೇಳಿದ್ದೆ. ಆತ ಹಚ್ಚಲಿಲ್ಲ.

ಒಂದು ಸಂಜೆ ಆತ ಕೇಳಿದ, “ಇವಕ್ಕ ಒಯ್ದು ಏನ್ ಮಾಡ್ತಿ?”

“ಜಹೀರಾಬಾದಿಗಿ ಒಯ್ತೀನಿ. ಸರ್ ತಮ್ಮ ಅರವತ್ತು ತರ್ತಾರ. ಇಬ್ಬರದೂ ಎದುರುಬದುರು ಬಿಡೂದು.”

“ಬಿಟ್ಟ ಮ್ಯಾಲ?”

“ನಡುವ ಕೂಡ್ತಾವ. ಗುದ್ದಾಡ್ತಾವ.”

“ಆಮ್ಯಾಲ?”

“ಆಮ್ಯಾಲೇನು, ನನ್ನವು ನಾ ತರ್ತೀನಿ, ಅವರವು ಅವರು ಒಯ್ತಾರ.”

ಅಪ್ಪ ಒಬ್ಬ ಸೈನಿಕನನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿ ಇಟ್ಟ. ಆತನ ಮುಖದಲ್ಲಿ ಕಂಡದ್ದು ಚಿಂತೆ ಎಂದು ನನಗೆ ಹೊಳೆಯಲಿಲ್ಲ. ಮುಖದ ವಿಷಯದಲ್ಲಿ ನನ್ನ ಯೋಗ್ಯತೆ ನಿಮಗೀಗ ಗೊತ್ತೇ ಇದೆ.

ಯುದ್ಧದ ಭಾನುವಾರ ಬಂತು. ಅರವತ್ತು ಜನರನ್ನು ಸಾಗಿಸಲು ಮೊಟ್ಟೆಯ ಟ್ರೇಗಿಂತ ಒಳ್ಳೆಯ ವಾಹನ ಇನ್ನೂ ಹುಟ್ಟಿಲ್ಲ. ಒಂದರಲ್ಲಿ ಮೂವತ್ತು ಕುಳಿ, ಎರಡು ಟ್ರೇ, ಕುಳಿಗೊಬ್ಬ, ಮೇಲೆ ಹತ್ತಿ. ಶನಿವಾರ ನಾನು ಶಾಲೆಯಿಂದ ಬರುವುದರೊಳಗೆ ಅಪ್ಪನೇ ಎಲ್ಲರನ್ನೂ ಕುಳಿಯಲ್ಲಿ ಮಲಗಿಸಿ, ಹತ್ತಿ ಹೊದಿಸಿ, ದಾರ ಕಟ್ಟಿ ಇಟ್ಟಿದ್ದ. ಎಷ್ಟು ಕಾಳಜಿ ಎಂದುಕೊಂಡೆ, ಬಿಚ್ಚಿ ನೋಡಲಿಲ್ಲ. ಬಸ್ಸಿನಲ್ಲಿ ಕಂಡಕ್ಟರು ಮೊಟ್ಟೆ ಎಂದುಕೊಂಡು, ಅಮ್ಮಾ ಜಾಗ್ರತ್ತ ಎಂದು ಸೀಟು ಬಿಡಿಸಿಕೊಟ್ಟ. ಗುಂಡಿ ಬಂದಾಗಲೆಲ್ಲ ಬಸ್ಸಿನ ಅರ್ಧ ಜನ ತಿರುಗಿ ನನ್ನ ತೊಡೆಯ ಕಡೆ ನೋಡುತ್ತಿದ್ದರು. ಪಕ್ಕದ ಮುದುಕಿ ನಾಟಿಯೋ ಫಾರಮ್ಮೋ ಎಂದು ಕೇಳಿದಳು. ನಾಟಿ ಎಂದೆ, ಸೇವುಣರನ್ನು ಫಾರಂ ಎನ್ನಲು ಮನಸ್ಸಾಗಲಿಲ್ಲ.

ಜಹೀರಾಬಾದು ನಮಗಿಬ್ಬರಿಗೂ ನಡುವೆ ಬೀಳುತ್ತದೆ. ರಣರಂಗ ಸರ್ ಅವರ ಬಾಲ್ಯದ ಗೆಳೆಯ ಮೊಯಿನ್ ಚಾಚಾನ ಟೇಲರ್ ಅಂಗಡಿ. ಭಾನುವಾರ ಅಂಗಡಿ ಬಂದ್ ಇರುತ್ತದೆ, ಬಟ್ಟೆ ಕತ್ತರಿಸುವ ಮೇಜು ಮಂಚದಷ್ಟು ಅಗಲವಿದೆ, ಅಳತೆಪಟ್ಟಿಗೆ ಬರವಿಲ್ಲ. ಚಾಚಾ ಅರ್ಧ ಶಟರ್ ಇಳಿಸಿ, ಮೇಜಿನ ಮೇಲೆ ಎಲ್ಲಿಂದಲೋ ಒಂದು ಹಸಿರು ಬಟ್ಟೆ ಹಾಸಿದ್ದ. ಅದರಡಿ ಸರ್ ತಮ್ಮೂರಿನಿಂದ ತಂದ ತೊಗರಿಬೇಳೆಯ ಪೊಟ್ಟಣಗಳನ್ನು ಇಟ್ಟು ಗುಡ್ಡ ಮಾಡಿದ್ದರು. ಬಟ್ಟೆಯ ಜರಿಯ ಅಂಚು ನದಿ. ಚಾಚಾನೇ ಪಂಚ.

ಸರ್ ತಮ್ಮ ಡಬ್ಬಿ ತೆಗೆದರು, ನಾನು ದಾರ ಬಿಚ್ಚಿದೆ. ಇಬ್ಬರೂ ಸೈನಿಕರನ್ನು ಸಾಲಾಗಿ ನಿಲ್ಲಿಸಿದೆವು. ಆ ಕಡೆ ಅರವತ್ತು ಬಿಳಿ, ಈ ಕಡೆ ಅರವತ್ತು ಬಿಳಿ. ಕಂದು ಮುಖ, ಕಪ್ಪು ಮೀಸೆ, ತೊಗಲಿನ ಗುರಾಣಿ, ಎಲ್ಲ ಅದೇ.

“ಮಾಳಮ್ಮ,” ಎಂದರು ಸರ್, ಮೂವತ್ತು ವರ್ಷದ ಹಿಂದಿನ ಅದೇ ದನಿಯಲ್ಲಿ, “ಕಾಪಿ ಹೊಡದಿ?”

“ನಾ ಯಾಕ ಹೊಡೀಲಿ ಸರ್? ನಾ ತಾಂಡೂರಿನಾಗ, ನೀವು ಖೇಡದಾಗ. ನಮ್ಮೂರ ವೀರಗಲ್ಲು ನೋಡಿ ಹಚ್ಚೀನ್ರಿ. ಬೆಳ್ಳಗ ಅದ.”

ಸರ್ ಮುಖ ಸ್ವಲ್ಪ ಸಣ್ಣದಾಯಿತು. ಕನ್ನಡಕ ಒರೆಸಿದರು. “ನಮ್ಮ ಹೊಲದಾಗೂ ಒಂದು ಅದ,” ಎಂದರು ಮೆಲ್ಲಗೆ. “ದೀಪಾವಳಿಗಿ ಸುಣ್ಣ ಹಚ್ತಾರ.”

ಹೀಗೆ ದಖ್ಖನ್ನಿನ ಇತಿಹಾಸವನ್ನು ಎರಡು ಡಬ್ಬಿ ಸುಣ್ಣದಿಂದ ಬಿಡಿಸಿದ ಇಬ್ಬರು ಮಾಸ್ತರರು ಎದುರುಬದುರು ನಿಂತಿದ್ದೆವು. ಅಷ್ಟರಲ್ಲಿ ಚಾಚಾ ಬಗ್ಗಿ ನನ್ನ ಸೈನ್ಯದ ಹಿಂದಿನಿಂದ ನೋಡುತ್ತಿದ್ದವನು, “ಮೇಡಂಜೀ, ಇವರ ಪೈಜಾಮಕ್ಕ ಹಿಂದ ಕೆಂಪು ಥಿಗಳ ಯಾಕ ಹಚ್ಚೀರಿ?” ಎಂದ. ಥಿಗಳ ಎಂದರೆ ತೇಪೆ.

ನಿಲ್ಲಿಸುವಾಗ ಸಾಲು ನೇರವಾಗಿದೆಯೇ ಎಂದಷ್ಟೇ ನೋಡಿದ್ದೆ, ಈಗ ತಿರುಗಿಸಿ ನೋಡಿದೆ. ಒಬ್ಬೊಬ್ಬ ಸೇವುಣ ವೀರನ ಕುಂಡಿಯ ಮೇಲೆ ದುಂಡಗೆ ಒಂದು ಕೆಂಪು ಬೊಟ್ಟು. ಕುದುರೆಗಳಿಗೆ ಬಾಲದ ಮೇಲೆ, ಸವಾರನಿಗೆ ಬೇರೆ, ಕುದುರೆಗೆ ಬೇರೆ. ಬಣ್ಣ ಥಳಥಳ ಹೊಳೆಯುತ್ತಿತ್ತು. ಹಾಸ್ಟೆಲಿನಲ್ಲಿ ಓದುವ ನಮ್ಮ ಮಗಳು ಕನ್ನಡಿಯ ಪಕ್ಕದಲ್ಲಿ ಬಿಟ್ಟುಹೋದ ಉಗುರುಬಣ್ಣ ಅದು ಎಂದು ನೋಡಿದ ಕೂಡಲೇ ತಿಳಿಯಿತು. ಎಂಟು ತಿಂಗಳ ಕೆಲಸ. ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಅಲ್ಲಿಂದಲೇ ಫೋನು ಮಾಡಿದೆ.

“ಅಪ್ಪಾ, ಏನ್ ಮಾಡಿ ಇಟ್ಟಿ ಇದು?”

“ನಿನ್ನ ಬಣ್ಣಕ್ಕ ಕೈ ಹಚ್ಚಿಲ್ಲವ್ವ,” ಎಂದು ಮೊದಲು ತನ್ನನ್ನು ಕಾಪಾಡಿಕೊಂಡ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ, “ಎರಡೂ ಹಿಂಡು ಕೂಡ್ತಾವ ಅಂದಿ. ಕೂಡಿದ ಮ್ಯಾಲ ಹ್ಯಾಂಗ ಬಿಡಸ್ತಿ? ನಿನಗ ಮಾರಿ ಗುರ್ತ ಹತ್ತಂಗಿಲ್ಲ. ಊರ ಮಂದಿ ಮುಂದ ಮತ್ತ ನಗಗೇಡ ಆಗಬಾರದಂತ ಮಾಡೀನಿ.”

ಫೋನು ಇಟ್ಟೆ. ಸಿಟ್ಟು ಹೋಯಿತು ಎಂದರೆ ಸುಳ್ಳು. ಸಿಟ್ಟಿನ ಪಕ್ಕದಲ್ಲೇ ಇನ್ನೊಂದು ಏನೋ ಬಂದು ಕೂತಿತು. ನನಗೂ ಕಣ್ಣಿದೆ ಎಂದು ಹೇಳಿಸಿಕೊಳ್ಳಲು ಎಂಟು ತಿಂಗಳು ಕೂತು ಬಣ್ಣ ಹಚ್ಚಿದರೆ, ಆತ ಅರವತ್ತು ಕಡೆ ಕೆಂಪಾಗಿ ಇಲ್ಲ ಎಂದು ಬರೆದು ಕಳಿಸಿದ್ದ.

ಸರ್ ಭೂತಗನ್ನಡಿ ತೆಗೆದು ಪರೀಕ್ಷಿಸಿ, ಸೇವುಣರಿಗೆ ಕೆಂಪು ಕುಂಡಿ ಇತ್ತೆಂದು ಯಾವ ಶಾಸನದಲ್ಲೂ ಇಲ್ಲ ಎಂದರು. ಇರಲಿಲ್ಲ ಎಂದೂ ಯಾವ ಶಾಸನದಲ್ಲೂ ಇಲ್ಲ ಎಂದೆ. ಚಾಚಾ ತೀರ್ಪು ಕೊಟ್ಟ, “ಮಾಸ್ಟರ್ ಸಾಬ್, ಥಿಗಳ ಇಲ್ಲಂದ್ರ ಇದು ಯಾರ ಫೌಜು ಅಂತ ಅಲ್ಲಾಗೇ ಗೊತ್ತು. ಇರ್ಲಿ ಬಿಡ್ರಿ.”

ಯುದ್ಧ ಶುರುವಾಯಿತು. ದಾಳದ ಬದಲು ಕವಡೆ. ಕಾಲಾಳು ಒಂದು ಸಲಕ್ಕೆ ನಾಲ್ಕು ಇಂಚು, ಕುದುರೆ ಎಂಟು. ಚಾಚಾ ಹೆಗಲ ಮೇಲಿನ ಪಟ್ಟಿ ಎಳೆದು ಅಳೆಯುತ್ತಿದ್ದ, ಅಭ್ಯಾಸಬಲದಿಂದ ಎರಡು ಇಂಚು ಹೆಚ್ಚೇ ಕೊಡುತ್ತಿದ್ದ, ಮಾರ್ಜಿನ್ ಇರಲಿ, ಆಮೇಲೆ ಬಿಗಿಯಾದರೆ ನನ್ನನ್ನು ಬಯ್ಯುತ್ತೀರಿ ಎನ್ನುತ್ತಿದ್ದ. ಸರ್ ತಮ್ಮ ಕಾಲಾಳುಗಳನ್ನು ಸರಿಯಾಗಿ ತೊಂಬತ್ತು ಡಿಗ್ರಿಗೆ ನಿಲ್ಲಿಸಿದರು. ನಾನು ಕೆಂಚಿಯ ನೇತೃತ್ವದಲ್ಲಿ ಕುದುರೆಗಳನ್ನು ಬೇಳೆಯ ಗುಡ್ಡ ಹತ್ತಿಸಿದೆ. ಒಂದು ತಾಸಿನಲ್ಲಿ ಎರಡೂ ಸೈನ್ಯ ಮೇಜಿನ ನಡುವೆ ಕಲೆತುಹೋದವು. ಸರ್ ಪ್ರತಿ ಸಲವೂ ಬಗ್ಗಿ, ಸೈನಿಕನ ಹಿಂಭಾಗ ನೋಡಿ, ಇದು ನಿನ್ನದು ಎಂದು ಬದಿಗಿಟ್ಟು ಮುಂದಿನವನಿಗೆ ಹೋಗುತ್ತಿದ್ದರು. ನಾರಾಯಣಖೇಡಕ್ಕೆಲ್ಲ ಗೌರವಾನ್ವಿತರಾದ ನಿವೃತ್ತ ಗಣಿತದ ಮಾಸ್ತರರನ್ನು ಆ ಭಂಗಿಯಲ್ಲಿ ನೋಡುವುದಕ್ಕಾದರೂ ಬಸ್ಸಿನ ಪ್ರಯಾಣ ಸಾರ್ಥಕವಾಯಿತು.

ನಾನು ಗೆಲ್ಲುತ್ತಿದ್ದೆ. ಇದನ್ನು ಸರ್ ಈಗ ಒಪ್ಪುವುದಿಲ್ಲ. 

ಅದೇ ಹೊತ್ತಿಗೆ ಅರ್ಧ ಶಟರಿನಡಿ ಬಗ್ಗಿ ಒಬ್ಬ ಹೆಣ್ಣುಮಗಳು ಒಳಗೆ ಬಂದಳು. “ಮಾಸ್ತರ್, ಬೀದರಕ್ಕ ಮದುವಿಗಿ ಹೊಂಟೀವಿ, ಗಾಡಿ ನಿಂತದ. ನನ್ನ ಸೀರಿಗಿ ಫಾಲ್ ಹಚ್ಚಿದ್ದು ಆತೇನು?” ಎಂದವಳು ಮೇಜಿನ ಕಡೆ ನೋಡಿ ಮಾತು ನಿಲ್ಲಿಸಿದಳು. ಆಕೆಯ ಹಸಿರು ರೇಷ್ಮೆ ಸೀರೆಯ ಮೇಲೆ ನೂರಿಪ್ಪತ್ತು ಜನ ಹೊಡೆದಾಡುತ್ತಿದ್ದರು.

“ಆಗ್ಯಾದ ಬೇಟಿ, ನಿನ್ನೇನೇ ಆಗ್ಯಾದ,” ಎಂದ ಚಾಚಾ. ನಲವತ್ತು ವರ್ಷ ಅದೇ ಮೇಜಿನ ಮುಂದೆ ನಿಂತ ಕೈ ಅದು. ಗಿರಾಕಿ ಕೇಳಿದ ಕೂಡಲೇ ಬಟ್ಟೆಯ ಎರಡು ತುದಿ ಹಿಡಿದು ಒಂದೇ ಏಟಿಗೆ ಝಾಡಿಸಿ ಎಳೆಯುವುದು ಅದರ ರೂಢಿ. ನಾವು ಬಾಯಿ ತೆರೆಯುವುದರೊಳಗೆ ಎಳೆದ. ಕಾಕತೀಯರು, ಸೇವುಣರು, ಕವಡೆ, ಬೇಳೆ ಎಲ್ಲ ಮೇಲಕ್ಕೆ ಹೋಗಿ ಕೆಳಗೆ ಬಂದವು. ಒಂದು ಪೊಟ್ಟಣ ಒಡೆಯಿತು. ಆಕೆ ಸೀರೆ ಮಡಿಸಿಕೊಂಡು, ಬಾರ್ಡರಿನಲ್ಲಿ ಸಿಕ್ಕಿಕೊಂಡಿದ್ದ ಒಂದು ಕುದುರೆಯನ್ನು ಬಿಡಿಸಿ ಸರ್ ಅವರ ಅಂಗೈಯಲ್ಲಿಟ್ಟು, ಗಾಡಿ ಹತ್ತಲು ಹೋದಳು.

ಮುಂದಿನ ಒಂದು ತಾಸು ಮೂವರೂ ನೆಲದ ಮೇಲೆ ಕೂತು ಬೇಳೆಯೊಳಗಿಂದ ಸೈನಿಕರನ್ನು ಹೆಕ್ಕಿದೆವು. ನಮ್ಮ ಮನೆಯವರ ಕಾಂಕ್ರೀಟು ಒಂದೂ ಒಡೆದಿರಲಿಲ್ಲ. ಅಪ್ಪನ ಬೊಟ್ಟಿನಿಂದಾಗಿ ಬೇರೆ ಮಾಡುವುದು ಸುಲಭವಾಯಿತು, ಕೆಂಪಿದ್ದವರು ನನ್ನ ಟ್ರೇಗೆ, ಇಲ್ಲದವರು ಸರ್ ಡಬ್ಬಿಗೆ. ನೀವು ಆಗಲೇ ಕೇಳಿರಬಹುದು, ಸಿಮೆಂಟಿನ ತಳ ನೋಡಿದ್ದರೂ ಸಾಕಿತ್ತಲ್ಲ ಎಂದು. ಸಾಕಾಗುತ್ತಿರಲಿಲ್ಲ. ನಮ್ಮ ಮನೆಯವರು ಉತ್ಸಾಹದಲ್ಲಿ ಸರ್‌ಗೂ ಫೋನು ಮಾಡಿ ಒಂದಕ್ಕೆ ನಾಲ್ಕರ ಲೆಕ್ಕ ಹೇಳಿಕೊಟ್ಟಿದ್ದರು.

ಕೊನೆಗೆ ನೋಡಿದರೆ ನನ್ನ ಟ್ರೇಯಲ್ಲಿ ಒಂದು ಕುಳಿ ಖಾಲಿ. ಸರ್ ಡಬ್ಬಿ ಎಣಿಸಿದರು, ಅರವತ್ತೊಂದು. ಒಂದು ಕಣ್ಣಿನ ಪೊರೆ ತೆಗೆಸಿಕೊಂಡ ಅಪ್ಪ ಒಬ್ಬನಿಗೆ ಬೊಟ್ಟು ಇಡುವುದನ್ನು ಬಿಟ್ಟಿದ್ದ.

“ಯಾವುದಾರ ಒಂದು ತಗೋ ಮಾಳಮ್ಮ,” ಎಂದರು ಸರ್. “ಎಲ್ಲಾ ಒಂದೇ ಅದಾವ. ಲೆಕ್ಕ ಸರಿ ಆದ್ರ ಆತು.”

ಹೌದಲ್ಲ ಎಂದು ಕೈ ಹಾಕಿದೆ, ಒಬ್ಬನನ್ನು ಎತ್ತಿಯೂ ಎತ್ತಿದೆ. ಲೆಕ್ಕ ಸರಿ ಆಗುತ್ತಿತ್ತು. ಆದರೆ ಅವನನ್ನು ಕುಳಿಯಲ್ಲಿಡಲು ಕೈ ಬರಲಿಲ್ಲ. ಎಣಿಕೆ ಸರಿಮಾಡಿ ಪರರ ಹಿಂಡನ್ನು ಮನೆಗೆ ಹೊಡೆದು ತಂದದ್ದು ಒಂದು ಸಲ ಸಾಕು ಅನ್ನಿಸಿತು. ಸರ್ ಹತ್ತಿರ ಭೂತಗನ್ನಡಿ ಇಸಿದುಕೊಂಡೆ. ಬಸ್ಸಿಗೆ ಹೊತ್ತಾಗುತ್ತದೆ ಎಂದು ಅವರು ಎರಡು ಸಲ ಹೇಳಿದರು. ಹೋಗಲಿ ಎಂದೆ.

ಅರವತ್ತೊಂದು ಬಿಳಿ ಜನರನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಮುಖವನ್ನೂ ನೋಡಿದೆ. ಹತ್ತು ನೋಡಿದೆ, ಇಪ್ಪತ್ತು ನೋಡಿದೆ, ಎಲ್ಲ ಒಂದೇ. ಕುಂಟೆಯ ದಂಡೆಯ ಮೇಲೆ ಮಳೆಯಲ್ಲಿ ನಿಂತ ಹುಡುಗಿಗೂ ಹೀಗೆಯೇ ಕಂಡಿತ್ತು. ಆಮೇಲೆ ಮೂವತ್ತೋ ನಲವತ್ತೋ ಆದಮೇಲೆ ಒಬ್ಬ ಎದುರು ಬಂದ. ಬಲಗಡೆಯ ಮೀಸೆ ಎಲ್ಲರಂತೆ ಕೆಳಗೆ ಬಾಗಿತ್ತು, ಎಡಗಡೆಯದು ಕೂದಲೆಳೆಯಷ್ಟು ಮೇಲೆ ಹೋಗಿ ಕೆನ್ನೆ ಮುಟ್ಟಿತ್ತು. ಆ ಮೀಸೆ ಬರೆಯುವಾಗ ಕುಕ್ಕರು ಕೂಗಿತ್ತು, ನಾನು ಬೆಚ್ಚಿದ್ದೆ. ಅಳಿಸಬೇಕೆಂದು ಬ್ರಷ್ ಎತ್ತಿದವಳು, ಗುಟ್ಟಾಗಿ ನಗುತ್ತಿರುವವನ ಹಾಗೆ ಕಾಣುತ್ತಾನೆ, ಇರಲಿ ಎಂದು ಬಿಟ್ಟಿದ್ದೆ. ಅವನು ಈಗಲೂ ಹಾಗೆಯೇ ನಗುತ್ತಿದ್ದ. ನಮ್ಮವನೇ. ಒಂದು ಚೂರೂ ಅನುಮಾನವಿರಲಿಲ್ಲ.

“ಹ್ಯಾಂಗ ಹೇಳ್ತಿ?” ಎಂದರು ಸರ್. ಆಧಾರ ಕೇಳುವುದು ಅವರ ರಕ್ತದಲ್ಲಿದೆ.

“ಮಾರಿ ಗುರ್ತ ಅದರಿ ಸರ್,” ಎಂದೆ. ಹೇಳಿದ ಮೇಲೆ ಆ ಮಾತು ನನ್ನ ಬಾಯಿಂದಲೇ ಬಂತೇ ಎಂದು ನನಗೇ ಆಶ್ಚರ್ಯವಾಯಿತು. ನೋಡುವ ಮನಸ್ಸು ಬಂದದ್ದಷ್ಟೇ, ಉಳಿದವರೂ ಬೇರೆ ಬೇರೆಯಾಗಿ ಕಾಣತೊಡಗಿದರು. ಸರ್ ಅವರ ಸೈನಿಕರೆಲ್ಲ ಉತ್ತರ ಸರಿಯಿದೆಯೋ ಇಲ್ಲವೋ ಎಂದು ಹೆದರಿದ ಮಕ್ಕಳ ಮುಖದವರು. ನಮ್ಮವರಲ್ಲಿ ಆ ಹೆದರಿಕೆ ಒಬ್ಬನಲ್ಲೂ ಇರಲಿಲ್ಲ.

ತಾಂಡೂರು ಮುಟ್ಟುವಾಗ ಇನ್ನೂ ಬಿಸಿಲಿತ್ತು. ಅಪ್ಪ ಕಪ್ಪು ಕನ್ನಡಕದಲ್ಲಿ ಬಾಗಿಲ ಕಟ್ಟೆಯ ಮೇಲೆ ಕೂತಿದ್ದ. ಮಧ್ಯಾಹ್ನದಿಂದ ಅಲ್ಲೇ ಕೂತಿದ್ದಾರೆ, ಊಟಕ್ಕೂ ಎದ್ದಿಲ್ಲ ಎಂದು ನಮ್ಮ ಮನೆಯವರು ಒಳಗಿನಿಂದ ಹೇಳಿದರು. ಗೆದ್ದೆಯಾ ಸೋತೆಯಾ ಎಂದು ಆತ ಕೇಳಲಿಲ್ಲ.

“ಒಂದಕ್ಕ ಬೊಟ್ಟ ಇಡೂದು ಬಿಟ್ಟೀನಿ ಅವ್ವಾ,” ಎಂದ. “ನೀ ಫೋನ್ ಇಟ್ಟ ಮ್ಯಾಲ ನೆನಪ ಆತು. ಚಹಾ ಬಂದಿತ್ತು, ಕುಡದು ಇಟ್ಟರಾತು ಅಂತ ಬಿಟ್ಟಿದ್ನಿ. ಅದು ಹೋತೇನು?”

ನಾನು ದಾರ ಬಿಚ್ಚಿ, ಹತ್ತಿ ಸರಿಸಿ, ಅವನನ್ನು ಆತನ ಅಂಗೈಯಲ್ಲಿಟ್ಟೆ. ಅಪ್ಪ ಕನ್ನಡಕ ಹಣೆಗೆ ಏರಿಸಿ ಬೆಳಕಿಗೆ ಹಿಡಿದ. ಹಿಂದೆ ತಿರುಗಿಸಿ ನೋಡಿದ, ಬೊಟ್ಟಿಲ್ಲ. ಮುಂದೆ ತಿರುಗಿಸಿ ಮುಖ ನೋಡಿದ. ಬಹಳ ಹೊತ್ತು ನೋಡಿದ.

“ನಮ್ಮದೇ,” ಎಂದ. “ಯಾರು ಹುಡುಕಿದ್ರು?”

“ನಾ.”

“ಮಾರಿ ನೋಡಿ ತಂದಿ?”

“ಹೂಂ.”

ಆತ ಅವನನ್ನು ಕುಳಿಯಲ್ಲಿ ಮಲಗಿಸಿ, ಹತ್ತಿ ಹೊದಿಸಿ, ಟ್ರೇಯನ್ನು ತೊಡೆಯ ಮೇಲಿಟ್ಟುಕೊಂಡ. ನನ್ನ ಕಡೆ ನೋಡಲಿಲ್ಲ. ಒಳಗಿದ್ದ ನಮ್ಮ ಮನೆಯವರಿಗೆ ಕೇಳಲಿ ಎಂದು ದನಿ ಎತ್ತರಿಸಿದ.

“ಅಳಿಯಾನೋರ, ನೋಡ್ರಿ, ನಾ ತಪ್ಪ ಮಾಡೀನಿ. ಇಕೀಗಿ ಸುಮ್ಮ ಸುಮ್ಮನ ಸಾಲಿಗಿ ಹಾಕಿದ್ನಿ. ಇಕೀಗೇ ಹಿಂಡ ಕೊಡಬೇಕಾಗಿತ್ತು.”